ಎರಡು ಸೀಸೆಗಳು

ಹತ್ತು ಸಾವಿರಕ್ಕೂ ಮಿಕ್ಕ ಬೆಲೆಯ ಸುಗಂಧದ್ರವ್ಯವನ್ನು ಕನ್ನಡ ಉಪನ್ಯಾಸಕನಾದವನು ಕೊಳ್ಳುವುದು ವಿವೇಕವಲ್ಲ. ನಾನೂ ಕೊಂಡದ್ದಲ್ಲ, ದುಬೈಯಲ್ಲಿರುವ ಅಕ್ಕನ ಮಗ ಅವ್ವನಿಗೆಂದು ಕಳುಹಿದ್ದು. ಇಟಲಿಯ ಗುಚ್ಚಿ ಸಂಸ್ಥೆಯ ‘ಬ್ಲೂಮ್’. 2017ರಲ್ಲಿ ಆಲ್ಬರ್ಟೊ ಮೊರಿಯಾಸ್ ಎಂಬ ಗಂಧಶಿಲ್ಪಿ ಹೊಸೆದ ಈ ಪರಿಮಳದಲ್ಲಿ ಸುಗಂಧರಾಜವಿದೆ, ಮಲ್ಲಿಗೆಯಿದೆ, ರಂಗೂನ್ ಬಳ್ಳಿಯೂ ಇದೆ. ಸಂಜೆ ಬೆಳ್ಳಗೆ ಅರಳಿ ಬರಬರುತ್ತ ಕೆಂಪಡರುವ ಆ ಬಳ್ಳಿ ಬೆಳಗಾವಿಯ ಎಷ್ಟೋ ಗೋಡೆಗಳ ಮೇಲೆ ಪುಕ್ಕಟೆಯಾಗಿ ಜೋತುಬಿದ್ದಿರುತ್ತದೆ!

ಕುತೂಹಲಕ್ಕೆಂದು ಖಡೇಬಜಾರಿನ ಅತ್ತರಿನ ಅಂಗಡಿಯೊಂದರಲ್ಲಿ ಅದೇ ಹೆಸರು ಹೇಳಿದೆ. ಅಂಗಡಿಯವನು ಹುಬ್ಬೇರಿಸಲಿಲ್ಲ. ಬೆರಳುದ್ದದ ಕುಪ್ಪಿಗೆ ಎಣ್ಣೆ ಸುರಿದು, ಮುಚ್ಚಳ ತಿರುಪಿ, ಇನ್ನೂರೈವತ್ತು ರೂಪಾಯಿ ಎಂದನು.

ಒಂದು ಪರಿಮಳದಲ್ಲಿ ಯಾವ ಯಾವ ದ್ರವ್ಯ ಎಷ್ಟೆಷ್ಟಿದೆ ಎಂಬುದನ್ನು ಗ್ಯಾಸ್ ಕ್ರೊಮೆಟೋಗ್ರಫಿಯೆಂಬ ವಿಧಾನದಿಂದ ಬಹುಮಟ್ಟಿಗೆ ಬಿಡಿಸಿ ನೋಡಬಹುದು. ನಕಲುಗಾರರಿಗೆ ಅದೇ ಕನ್ನಡಿ. ಮಲ್ಲಿಗೆಯ ಕಂಪಿಗೆ ಮುಖ್ಯವಾದ ಬೆಂಜೈಲ್ ಅಸಿಟೇಟ್ ಅಗ್ಗವಾಗಿಯೇ ಸಿಗುತ್ತದೆ. ಆದರೆ ನಿಜವಾದ ಹೂವಿನ ಸಾರದಲ್ಲಿ ಇಂಡೋಲ್ ಎಂಬುದೊಂದು ಇರುತ್ತದೆ. ಬಿಡಿಯಾಗಿ ಮೂಸಿದರೆ ನುಸಿಗುಳಿಗೆಯ ನಾತ, ಇನ್ನೂ ಗಾಢವಾದರೆ ಹೇಳಬಾರದ ನಾತ. ಹೂವಿನೊಳಗೆ ಕಿಂಚಿತ್ತಾಗಿ ಅಡಗಿದ್ದರೆ ಮಲ್ಲಿಗೆಗೆ ಮೈ ತುಂಬುವುದು ಅದರಿಂದಲೇ. ಪ್ರಕೃತಿಯ ರಸಿಕತೆ ವಿಚಿತ್ರ.

ಒಂದು ಭಾನುವಾರ ಬೆಳಿಗ್ಗೆ ಎಡ ಮಣಿಕಟ್ಟಿಗೆ ಇಟಲಿಯನ್ನೂ ಬಲ ಮಣಿಕಟ್ಟಿಗೆ ಖಡೇಬಜಾರನ್ನೂ ಲೇಪಿಸಿಕೊಂಡು, ಖಾನಾಪುರದ ಬಸ್ಸು ಹತ್ತಿದೆ. ಹೊರಟಾಗ ಭೇದವೇ ತಿಳಿಯುತ್ತಿರಲಿಲ್ಲ. ಖಾನಾಪುರ ಮುಟ್ಟುವಷ್ಟರಲ್ಲಿ ಬಲಗೈಯದು ಇದ್ದಂತೆಯೇ ಇತ್ತು: ನೇರ, ಸಿಹಿ, ಸ್ವಲ್ಪ ಸಾಬೂನು. ಎಡಗೈಯದು ಮಾತ್ರ ಮಾಗಿ, ಭಾರವಾಗಿ, ಬಾಡಲಿರುವ ಹೂವಿನ ದಟ್ಟ ಕಂಪನ್ನು ಪಡೆದಿತ್ತು. ಅಸಲು ಅಸಲೇ ಎಂದು ತೀರ್ಪು ಬರೆದುಕೊಂಡೇ ಮನೆಯ ಮೆಟ್ಟಿಲೇರಿದೆ.

ಅವ್ವನಿಗೆ ಈಗ ಕಣ್ಣು ಮಂಜು. ನಾನು ಓದುವ ಕಾಲಕ್ಕೆ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಿ ಸ್ಟೇಷನ್ ಹತ್ತಿರ ಮೊಳದ ಲೆಕ್ಕದಲ್ಲಿ ಮಾರುತ್ತಿದ್ದಳು; ಮರಾಠಿ ಗಿರಾಕಿಗಳಿಗೆ ಅದೇ ಹೂ ‘ಮೋಗರಾ’ ಆಗುತ್ತಿತ್ತು. ಯಾವುದು ಯಾವುದೆಂದು ಹೇಳದೆ ಎರಡೂ ಕೈ ಒಡ್ಡಿದೆ.

ಬಲಗೈ ಮೂಸಿ, “ಇದು ಈಗ ಅರಳಿದ್ದು. ದೀಪಾ ಹಚ್ಚೂದ್ರೊಳಗ ಮಾರಿ ಹೋಗತೈತಿ” ಎಂದಳು.

ಎಡಗೈಗೆ ಬಂದವಳು ತಟ್ಟನೆ ಮುಖ ಹಿಂದೆಗೆದಳು.

“ತಮ್ಮಾ, ಇದು ಉಳದ ಹೂವಿನ ವಾಸನಿ.”

ನಾನು ಮಾತಾಡಲಿಲ್ಲ. ಮಾರಾಟವಾಗದ ಮಾಲೆಗಳು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ರಾತ್ರಿ ಮನೆಗೆ ಬರುತ್ತಿದ್ದವು. ಬೆಳಗಾಗುವಷ್ಟರಲ್ಲಿ ಆ ಒಂದೇ ಕೋಣೆಯ ತುಂಬ ಇದೇ ಕಂಪು. ಅಂಥ ದಿನ ಒಲೆ ತಡವಾಗಿ ಹೊತ್ತುತ್ತಿತ್ತು. ಅಕ್ಕನೂ ನಾನೂ ರೊಟ್ಟಿ ಕೇಳುತ್ತಿರಲಿಲ್ಲ. ಮೊರಿಯಾಸ್ ಮಹಾಶಯನ ಕೌಶಲದಲ್ಲಿ ಕೊರತೆಯೇನೂ ಇಲ್ಲ. ಹೂವನ್ನು ಅಷ್ಟು ನಿಜವಾಗಿ ಹಿಡಿದಿಟ್ಟದ್ದೇ ಅವನ ತಪ್ಪಾಯಿತು.

“ಮೊಮ್ಮಗ ಕಳಿಸ್ಯಾನವ್ವಾ” ಎಂದೆ.

“ಯಾವುದು?”

ಬಲಗೈ ಮುಂದೆ ಚಾಚಿದೆ. ಅವಳು ಇನ್ನೊಮ್ಮೆ ಮೂಸಿ, ಕುಪ್ಪಿಯನ್ನು ಇಸಿದುಕೊಂಡು ಸೀರೆಯ ಟ್ರಂಕಿನೊಳಗೆ ಇಟ್ಟಳು.