ಮ್ಯಾನೇಜರ್ ರಜೆಯಲ್ಲಿದ್ದಾಗ ಟೀಮ್ ನಡೆಸೋದು ಹೇಗೆ?

ದೀಪಾವಳಿ ಹತ್ತಿರ ಬಂತು ಅಂದ್ರೆ ಮ್ಯಾನೇಜರ್‌ಗಳೂ ರಜೆ ಹಾಕ್ತಾರೆ. ಪುಣೆಯಲ್ಲಾದ್ರೆ ಹೊರಡೋ ಹಿಂದಿನ ಸಂಜೆ ನಿಮ್ಮ ಡೆಸ್ಕ್ ಹತ್ತಿರ ಬಂದು, ‘ದೋ ಹಫ್ತೇ ತುಮ್ ದೇಖ್ ಲೇನಾ’ ಅಂದು ಬ್ಯಾಗ್ ಎತ್ಕೊಂಡು ಹೋಗ್ತಾರೆ. ಆ ಒಂದು ಮಾತಲ್ಲಿ ಕೆಲಸ ನಿಮಗೆ ಬಂತು, ಅಧಿಕಾರ ಬರಲಿಲ್ಲ. ಟೀಮಿಗೂ ಗೊತ್ತಿಲ್ಲ, ಕ್ಲೈಂಟ್‌ಗೂ ಗೊತ್ತಿಲ್ಲ. ರಿಲೀಸ್ ಕೆಟ್ಟರೆ ಮಾತ್ರ ಎಲ್ಲರೂ ನಿಮ್ಮನ್ನೇ ಹುಡುಕ್ತಾರೆ.

ಅದಕ್ಕೇ ಅವರು ಹೊರಡೋ ಮೊದಲು ಅರ್ಧ ಗಂಟೆ ಕೂರಿಸಿಕೊಳ್ಳಿ. ಟಾಸ್ಕ್ ಪಟ್ಟಿ ಕೇಳಬೇಡಿ, ಅದು ಜಿರಾದಲ್ಲೇ ಇರುತ್ತೆ. ಕೇಳಬೇಕಾದ್ದು ತೀರ್ಮಾನಗಳ ಬಗ್ಗೆ. ಒಬ್ಬರ ಸ್ಟೋರಿಯನ್ನ ಇನ್ನೊಬ್ಬರಿಗೆ ಕೊಡೋದು ನಾನೇ ಮಾಡಬಹುದಾ? ರಿಲೀಸ್ ದಿನ ಮುಂದಕ್ಕೆ ಹಾಕಬೇಕಾದ್ರೆ ಯಾರನ್ನ ಕೇಳಬೇಕು? ಅಪ್ರೈಸಲ್, ರೇಟಿಂಗ್, ಯಾರನ್ನಾದ್ರೂ ಪ್ರಾಜೆಕ್ಟ್‌ನಿಂದ ಬಿಡಿಸೋದು, ಇವನ್ನಂತೂ ನೀವು ಮುಟ್ಟಲೇಬೇಡಿ. ಇಷ್ಟನ್ನೂ ಅವರೇ ಟೀಮಿಗೆ, ಕ್ಲೈಂಟ್‌ಗೆ ಒಂದು ಮೇಲ್ ಹಾಕಿ ಹೋಗಲಿ. ನೀವು ಹಾಕಿದ ಮೇಲ್‌ಗೆ ಆ ತೂಕ ಇರಲ್ಲ.

ಇನ್ನು ಅಪ್ರೂವಲ್. ಪ್ರೊಡಕ್ಷನ್ ಚೇಂಜ್, ಟೈಮ್‌ಶೀಟ್, ರಜೆ ಎಲ್ಲವೂ ಅವರ ಹೆಸರಲ್ಲೇ ನಿಂತಿರುತ್ತೆ. ಕೆಲವರು ‘ನನ್ನ ಪಾಸ್‌ವರ್ಡ್ ಇಟ್ಕೋ’ ಅಂತಾರೆ. ದಯವಿಟ್ಟು ಬೇಡ ಅನ್ನಿ. ಅವರ ಲಾಗಿನ್‌ನಿಂದ ನೀವು ಅಪ್ರೂವ್ ಮಾಡಿದ್ದು ಆಡಿಟ್‌ನಲ್ಲಿ ಸಿಕ್ಕರೆ ಇಬ್ಬರ ಕೆಲಸಕ್ಕೂ ಕುತ್ತು. ಸರ್ವಿಸ್‌ನೌನಂಥ ಟೂಲ್‌ಗಳಲ್ಲಿ ಡೆಲಿಗೇಟ್ ಅಂತ ಸೌಲಭ್ಯ ಇದೆ. ಯಾವ ದಿನದಿಂದ ಯಾವ ದಿನದವರೆಗೆ ಅಂತ ಹಾಕಿದ್ರೆ ಆಯ್ತು, ಎರಡು ನಿಮಿಷದ ಕೆಲಸ.

ಕಷ್ಟ ಇರೋದು ಕ್ಲೈಂಟ್ ಕಾಲ್‌ನಲ್ಲಿ. ಮ್ಯಾನೇಜರ್ ಇಲ್ಲ ಅಂತ ಗೊತ್ತಾದ ವಾರವೇ ‘ಒಂದು ಸಣ್ಣ ಬದಲಾವಣೆ’ ಬರುತ್ತೆ. ಹೊಸ ಜವಾಬ್ದಾರಿ, ಒಳ್ಳೆ ಹೆಸರು ತಗೋಬೇಕು ಅನ್ನೋ ಆಸೆ. ಬಾಯಿಂದ ‘ಯಸ್’ ಬಂದೇಬಿಡುತ್ತೆ. ಪ್ರಾಜೆಕ್ಟ್ ಫಿಕ್ಸೆಡ್ ಪ್ರೈಸ್ ಆಗಿದ್ರೆ ಆ ‘ಯಸ್’ಗೆ ದುಡ್ಡು ಯಾರೂ ಕೊಡಲ್ಲ, ನಿಮ್ಮ ಟೀಮಿನವರ ಶನಿವಾರ ಹೋಗುತ್ತೆ. ‘ಎಷ್ಟು ಕೆಲಸ ಆಗುತ್ತೆ ನೋಡಿ ನಾಳೆ ಹೇಳ್ತೀನಿ’ ಅನ್ನಿ. ಅದನ್ನೇ ಅವತ್ತು ರಾತ್ರಿ ಮೇಲ್‌ನಲ್ಲಿ ಬರೆದು ಡೆಲಿವರಿ ಮ್ಯಾನೇಜರ್‌ಗೆ ಕಾಪಿ ಹಾಕಿ. (ಅಂದಹಾಗೆ, ನವೆಂಬರ್‌ನ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರ ಬದಲಾಗುತ್ತೆ. ನ್ಯೂಯಾರ್ಕ್‌ನವರ ಬೆಳಿಗ್ಗೆ 10.30ರ ಕಾಲ್ ನಮಗೆ ರಾತ್ರಿ 8ರ ಬದಲು 9ಕ್ಕೆ ಬರುತ್ತೆ. ಟೀಮಿಗೆ ಮೊದಲೇ ಹೇಳಿಬಿಡಿ, ಮನೇಲಿ ಜಗಳ ಕಮ್ಮಿ ಆಗುತ್ತೆ.)

ಟೀಮಿನ ವಿಷಯಕ್ಕೆ ಬಂದ್ರೆ, ನಿನ್ನೆವರೆಗೆ ಜೊತೇಲಿ ಚಹಾ ಕುಡೀತಿದ್ದವರ ಹತ್ರ ಇವತ್ತು ಸ್ಟೇಟಸ್ ಕೇಳಬೇಕು. ಗಂಟೆಗೊಂದು ಸಲ ಕೇಳಬೇಡಿ. ಬೆಳಗಿನ 15 ನಿಮಿಷದ ಸ್ಟ್ಯಾಂಡ್‌ಅಪ್ ಸಾಕು, ಅಲ್ಲಿ ‘ಆಯ್ತಾ?’ ಅನ್ನೋದಕ್ಕಿಂತ ‘ಎಲ್ಲಿ ಸಿಕ್ಕಿಹಾಕ್ಕೊಂಡಿದೆ?’ ಅಂತ ಕೇಳಿ. ಮತ್ತೆ ಹೊರರಾಜ್ಯದಲ್ಲಿರೋ ನಮಗೇ ಹೇಳಬೇಕಾದ ಒಂದು ಮಾತು: ಟೀಮಲ್ಲಿ ಇನ್ನೊಬ್ಬ ಕನ್ನಡದವರಿದ್ರೆ ಊಟಕ್ಕೆ ಕೂತಾಗ ಧಾರಾಳವಾಗಿ ಕನ್ನಡ ಮಾತಾಡಿ. ಆದ್ರೆ ಕೆಲಸ ಹಂಚೋ ಮಾತು ಎಲ್ಲರಿಗೂ ತಿಳಿಯೋ ಭಾಷೆಯಲ್ಲೇ ಆಗಲಿ. ಈಸಿ ಟಿಕೆಟ್ ಅವರ ಪಾಲಿಗೆ ಬಂದ ದಿನ, ಪಕ್ಕದಲ್ಲಿದ್ದ ಮರಾಠಿ ಹುಡುಗನಿಗೆ ನೀವಿಬ್ಬರೂ ಏನು ಮಾತಾಡಿದ್ರಿ ಅನ್ನೋದು ಅರ್ಥವಾಗಿರಲ್ಲ. ಅವನು ತನಗೆ ತೋಚಿದ ಅರ್ಥ ಮಾಡ್ಕೋತಾನೆ.

ದಿನಾ ಸಂಜೆ ಎರಡು ಸಾಲು ಬರೆದಿಡಿ: ಇವತ್ತು ಏನು ತೀರ್ಮಾನ ಆಯ್ತು, ಯಾಕೆ. ಮ್ಯಾನೇಜರ್ ವಾಪಸ್ ಬಂದ ಸೋಮವಾರ ಅದನ್ನೇ ಅವರಿಗೆ ಕಳಿಸಿ, ಡೆಲಿಗೇಟ್ ತೆಗೆಸಿ. ಅದೇ ಹಾಳೆ ಅಪ್ರೈಸಲ್ ಫಾರ್ಮ್ ತುಂಬೋವಾಗ ನಿಮ್ಮ ಕೈಲಿರಲಿ, ಯಾಕಂದ್ರೆ ಆ ಎರಡು ವಾರ ಏನಾಯ್ತು ಅಂತ ಮಾರ್ಚ್ ಹೊತ್ತಿಗೆ ಅವರಿಗೆ ನೆನಪಿರಲ್ಲ.