ವಿದೇಶಿ ಮಳಿಗೆ ಕೊಪ್ಪಳಕ್ಕೇಕೆ ಬಂದಿಲ್ಲ?

ಕೊಪ್ಪಳ: ಅಮೆರಿಕದಲ್ಲಿ ನೆಲೆಸಿರುವ ಮಗನ ಮನೆಯಲ್ಲಿ ಆರು ತಿಂಗಳು ಕಳೆದು ಗಂಗಾವತಿಗೆ ಮರಳುವ ತಂದೆ-ತಾಯಂದಿರ ಮಾತಿನಲ್ಲಿ ಒಂದು ಸಂಗತಿ ತಪ್ಪದೇ ಬರುತ್ತದೆ. ಅಲ್ಲಿನ ಅಂಗಡಿಯಲ್ಲಿ ಕೊಂಡ ವಸ್ತು ಮನಸ್ಸಿಗೆ ಬಾರದಿದ್ದರೆ ವಾರ ಬಿಟ್ಟು ಒಯ್ದರೂ ಹಿಂದಕ್ಕೆ ಪಡೆದು ಹಣ ಕೊಡುತ್ತಾರೆ, ಮುಖ ಗಂಟಿಕ್ಕುವುದಿಲ್ಲ ಎಂಬುದೇ ಆ ಸಂಗತಿ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಬಂದವರು ಸೂಜಿಯಿಂದ ಸೋಫಾದವರೆಗೆ ಎಲ್ಲವೂ ಒಂದೇ ಸೂರಿನಡಿ ಸಿಗುವ ತಣ್ಣನೆಯ ಮಳಿಗೆಗಳನ್ನು ನೆನೆಯುತ್ತಾರೆ. ಬೆಂಗಳೂರಿನ ನಾಗಸಂದ್ರದಲ್ಲಿ 2022ರ ಜೂನ್ 22ರಂದು ಸ್ವೀಡನ್ ಮೂಲದ ಐಕಿಯಾ ಪೀಠೋಪಕರಣ ಮಳಿಗೆ ತೆರೆದ ಮೇಲಂತೂ ಅದನ್ನು ನೋಡಿ ಬಂದವರ ಪ್ರಶ್ನೆ ಒಂದೇ: ಇಂಥದ್ದು ನಮ್ಮ ಕಡೆಗೆ ಬರುವುದು ಯಾವಾಗ?

ಸರ್ಕಾರ ಬಿಡುವುದಿಲ್ಲ, ಕಾನೂನು ಅಡ್ಡಿಯಾಗಿದೆ ಎಂಬ ಉತ್ತರ ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಈಗ ಪೂರ್ತಿ ನಿಜವಲ್ಲ.

ಗದಗವೇ ಪರದೇಶವಾಗಿದ್ದ ಕಾಲ

ಕೊಪ್ಪಳ ಸೀಮೆಗೆ ಪರದೇಶದ ಸರಕು ಎಂಬುದು ಹೊಸ ವಿಷಯವೇನಲ್ಲ. 1948ರವರೆಗೆ ಈ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಜಹಗೀರಿಗೆ ಸೇರಿದ್ದವು. ಪಶ್ಚಿಮಕ್ಕೆ ಗದಗ ಮುಂಬೈ ಪ್ರಾಂತ್ಯದಲ್ಲಿ, ದಕ್ಷಿಣಕ್ಕೆ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿ ಇದ್ದವು. ಸಂಸ್ಥಾನಕ್ಕೆ ತನ್ನದೇ ಸುಂಕದ ಇಲಾಖೆ ಇತ್ತು. 'ಕರೋಡಗಿರಿ' ಎಂದು ಅದರ ಹೆಸರು. ಗದಗದಿಂದ ಅರಿವೆ, ಪಾತ್ರೆ ತಂದರೂ ಗಡಿಯಲ್ಲಿ ಸುಂಕ ಕಟ್ಟಬೇಕಿತ್ತು. ಇಂದು ರೈಲಿನಲ್ಲಿ ಒಂದೆರಡು ಗಂಟೆಯ ದಾರಿ, ಅಂದು ವ್ಯಾಪಾರದ ಮಟ್ಟಿಗೆ ಬೇರೆ ದೇಶವೇ ಆಗಿತ್ತು.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಸುಂಕದ ಗೋಡೆ ದೇಶದ ಗಡಿಗೆ ಸರಿಯಿತು. 1991ರ ಆರ್ಥಿಕ ಉದಾರೀಕರಣದ ತರುವಾಯ ಆ ಗೋಡೆ ತಗ್ಗತೊಡಗಿದಾಗ ಈ ಭಾಗದಲ್ಲಿಯೂ ಪ್ರತಿಭಟನೆಗಳು ನಡೆದವು. 1993ರ ಜುಲೈನಲ್ಲಿ ಪಕ್ಕದ ಬಳ್ಳಾರಿಯಲ್ಲಿ ನಿರ್ಮಾಣ ಹಂತದಲ್ಲಿದ್ದ ಕಾರ್ಗಿಲ್ ಬೀಜ ಘಟಕವನ್ನು ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರಾಜ್ಯ ರೈತ ಸಂಘದ ಕಾರ್ಯಕರ್ತರು ಕೆಡವಿದರು. 1996ರ ಜನವರಿಯಲ್ಲಿ ಬೆಂಗಳೂರಿನ ಕೆಂಟಕಿ ಫ್ರೈಡ್ ಚಿಕನ್ ಮಳಿಗೆಯ ಮೇಲೆ ದಾಳಿ ನಡೆಯಿತು. ವಿದೇಶಿ ಕಂಪನಿ ಬಂದರೆ ಬೀಜವೂ ಬೆಲೆಯೂ ರೈತನ ಕೈತಪ್ಪುತ್ತದೆ ಎಂಬುದು ಆ ಹೋರಾಟದ ಆತಂಕವಾಗಿತ್ತು. ಒಂದು ತಲೆಮಾರು ಕಳೆಯುವಷ್ಟರಲ್ಲಿ ಅದೇ ಸೀಮೆಯ ಯುವಕರು ವಿದೇಶಿ ಮಳಿಗೆ ಬರಲಿಲ್ಲವೆಂದು ಬೇಸರಿಸುತ್ತಿರುವುದು ಕಾಲದ ಬದಲಾವಣೆ.

ಕಾನೂನು ಏನು ಹೇಳುತ್ತದೆ?

ಚಿಲ್ಲರೆ ವ್ಯಾಪಾರದಲ್ಲಿ ವಿದೇಶಿ ಬಂಡವಾಳದ ನಿಯಮ ಎರಡು ಬಗೆಯದು. ತನ್ನದೇ ಹೆಸರಿನ ಸರಕನ್ನಷ್ಟೇ ಮಾರುವ ಐಕಿಯಾದಂಥ ಕಂಪನಿಗಳದ್ದು ಏಕ ಬ್ರಾಂಡ್ ವ್ಯಾಪಾರ. ಇದಕ್ಕೆ 2006ರಲ್ಲಿ ಶೇ. 51, 2012ರಲ್ಲಿ ಶೇ. 100 ವಿದೇಶಿ ಬಂಡವಾಳಕ್ಕೆ ಅನುಮತಿ ದೊರೆಯಿತು. ಶೇ. 51ಕ್ಕಿಂತ ಹೆಚ್ಚು ಬಂಡವಾಳವಿದ್ದರೆ ಶೇ. 30ರಷ್ಟು ಸರಕನ್ನು ಭಾರತದಲ್ಲಿಯೇ ಖರೀದಿಸಬೇಕೆಂಬ ಷರತ್ತಿದೆ. ಇಂಥ ಮಳಿಗೆ ಇಂಥ ಊರಿನಲ್ಲಿಯೇ ಇರಬೇಕೆಂಬ ನಿರ್ಬಂಧವಿಲ್ಲ. ಅಂದರೆ, ಐಕಿಯಾ ನಾಳೆಯೇ ಕುಷ್ಟಗಿಯಲ್ಲಿ ಮಳಿಗೆ ತೆರೆದರೂ ದೆಹಲಿಯ ತಕರಾರಿಲ್ಲ.

ಹಲವು ಕಂಪನಿಗಳ ಸರಕನ್ನು ಒಟ್ಟಿಗೆ ಮಾರುವ ವಾಲ್‌ಮಾರ್ಟ್, ಟೆಸ್ಕೊ ಮಾದರಿಯದ್ದು ಬಹು ಬ್ರಾಂಡ್ ವ್ಯಾಪಾರ. 2012ರ ಸೆಪ್ಟೆಂಬರಿನಲ್ಲಿ ಭಾರೀ ರಾಜಕೀಯ ಗದ್ದಲದ ನಡುವೆ ಇದಕ್ಕೆ ಶೇ. 51ರವರೆಗೆ ಅವಕಾಶ ನೀಡಲಾಯಿತು. ಒಪ್ಪುವುದು ಬಿಡುವುದು ಆಯಾ ರಾಜ್ಯಕ್ಕೆ ಬಿಟ್ಟದ್ದು. ಒಪ್ಪಿಗೆ ನೀಡಿದ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕದ ಹೆಸರೂ ಇದೆ. ಆರಂಭದಲ್ಲಿ 2011ರ ಜನಗಣತಿಯಂತೆ 10 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಮಾತ್ರ ಮಳಿಗೆ ತೆರೆಯಬಹುದಿತ್ತು. ಆ ಲೆಕ್ಕದಲ್ಲಿ ನಮ್ಮ ರಾಜ್ಯದಲ್ಲಿ ಅರ್ಹವಾದದ್ದು ಬೆಂಗಳೂರು ಒಂದೇ. ಒಂಬತ್ತೂಕಾಲು ಲಕ್ಷ ದಾಟಿದ್ದ ಹುಬ್ಬಳ್ಳಿ-ಧಾರವಾಡಕ್ಕೂ ಬಾಗಿಲು ಮುಚ್ಚಿತ್ತು. 2013ರ ಆಗಸ್ಟಿನಲ್ಲಿ ಈ ಷರತ್ತು ಸಡಿಲಗೊಂಡಿತು. ಚಿಕ್ಕ ನಗರಗಳಿಗೂ ಅವಕಾಶ ಕೊಡಬೇಕೇ ಎಂಬುದನ್ನು ರಾಜ್ಯ ಸರ್ಕಾರಗಳೇ ತೀರ್ಮಾನಿಸಬಹುದು ಎಂದಾಯಿತು.

ಇಷ್ಟಾದರೂ ಬಂದವರೆಷ್ಟು? ಈ ಮಾರ್ಗದಲ್ಲಿ ಅನುಮತಿ ಪಡೆದು ಹಣ ಹೂಡಿದ್ದು ಟಾಟಾ ಸಮೂಹದ ಜತೆಗೂಡಿದ ಬ್ರಿಟನ್ನಿನ ಟೆಸ್ಕೊ ಒಂದೇ. ಫ್ರಾನ್ಸಿನ ಕಾರ್‌ಫೋರ್ 2014ರಲ್ಲಿ ಸಗಟು ಮಳಿಗೆಗಳನ್ನೂ ಮುಚ್ಚಿ ಹೊರಟಿತು. 2003ರಲ್ಲಿ ಬೆಂಗಳೂರಿನಿಂದಲೇ ಭಾರತದ ಸಗಟು ವ್ಯಾಪಾರ ಆರಂಭಿಸಿದ್ದ ಜರ್ಮನಿಯ ಮೆಟ್ರೊ 2023ರಲ್ಲಿ ಅದನ್ನು ರಿಲಯನ್ಸ್‌ಗೆ ಒಪ್ಪಿಸಿತು.

ತಲೆ ಎಣಿಸುವ ವ್ಯಾಪಾರ

ಅಡ್ಡಿ ಇರುವುದು ಲೆಕ್ಕದಲ್ಲಿ. ನಾಗಸಂದ್ರದ ಐಕಿಯಾ ಮಳಿಗೆಯ ವಿಸ್ತೀರ್ಣ 4.6 ಲಕ್ಷ ಚದರ ಅಡಿ. ಮೊದಲ ವರ್ಷ ಸುಮಾರು 50 ಲಕ್ಷ ಜನ ಬರುವರೆಂಬ ನಿರೀಕ್ಷೆಯೊಂದಿಗೆ ಅದು ತೆರೆಯಿತು. 2011ರ ಜನಗಣತಿಯಂತೆ ಇಡೀ ಕೊಪ್ಪಳ ಜಿಲ್ಲೆಯ ಜನಸಂಖ್ಯೆ 13.9 ಲಕ್ಷ. ತೊಟ್ಟಿಲ ಕೂಸಿನಿಂದ ಹಿಡಿದು ಕೋಲೂರುವ ಅಜ್ಜನವರೆಗೆ ಪ್ರತಿಯೊಬ್ಬರೂ ವರ್ಷಕ್ಕೆ ಮೂರು ನಾಲ್ಕು ಬಾರಿ ಮಳಿಗೆಗೆ ಹೋದರಷ್ಟೇ ಆ ಸಂಖ್ಯೆ ಮುಟ್ಟೀತು. ಪಟ್ಟಣವಾಸಿಗಳು ಶೇ. 17ರ ಆಸುಪಾಸು. ಲಕ್ಷ ದಾಟಿದ ಊರು ಗಂಗಾವತಿ ಒಂದೇ. ಜಿಲ್ಲಾ ಕೇಂದ್ರ ಕೊಪ್ಪಳ 70 ಸಾವಿರದ ಮೇಲೆ ತುಸು ಇತ್ತು.

ಇನ್ನೊಂದು ಕಾರಣ ಹಣ ಕೈಗೆ ಬರುವ ರೀತಿ. ಇಂಥ ಮಳಿಗೆಗಳು ತಿಂಗಳ ಸಂಬಳದವರನ್ನು ನಂಬಿ ನಡೆಯುವಂಥವು. ತುಂಗಭದ್ರಾ ಎಡದಂಡೆಯ ನೀರು ಉಣ್ಣುವ ಗಂಗಾವತಿ, ಕಾರಟಗಿ ಭಾಗದಲ್ಲಿ ಹಣ ಓಡಾಡುವುದು ಭತ್ತದ ಸುಗ್ಗಿಯಲ್ಲಿ. ಮಳೆಯಾಶ್ರಿತ ಯಲಬುರ್ಗಾ, ಕುಷ್ಟಗಿಗಳಲ್ಲಿ ಅದೂ ಖಾತ್ರಿಯಿಲ್ಲ. ನಡುವಿನ ತಿಂಗಳುಗಳನ್ನು ದಾಟಿಸುವುದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕ. 'ಇಂದು ನಗದು, ನಾಳೆ ಉದ್ರಿ' ಎಂಬ ಫಲಕ ತೂಗಿದ್ದರೂ ಪರಿಚಯದ ಗಿರಾಕಿಗೆ ಅಕ್ಕಿ, ಎಣ್ಣೆ ನಿಲ್ಲುವುದಿಲ್ಲ. ವಾಲ್‌ಮಾರ್ಟ್ ಬಂದರೆ ಈ ಉದ್ರಿ ಕೊಡುವುದಿಲ್ಲ ಎಂಬುದನ್ನು ಹಂಬಲಿಸುವವರು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

ಹಾಗೆ ನೋಡಿದರೆ ವಾಲ್‌ಮಾರ್ಟ್ ಈಗಾಗಲೇ ಜಿಲ್ಲೆಯೊಳಗೆ ಇದೆ. ಬೆಂಗಳೂರಿನಲ್ಲಿ 2007ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್‌ನ ಶೇ. 77ರಷ್ಟು ಪಾಲನ್ನು ಅದು 2018ರಲ್ಲಿ 1,600 ಕೋಟಿ ಡಾಲರ್ ತೆತ್ತು ಕೊಂಡಿತು. ಪರರ ಸರಕಿಗೆ ಅಂತರ್ಜಾಲದಲ್ಲಿ ಮಾರುಕಟ್ಟೆ ಒದಗಿಸುವ ಕಂಪನಿಯಲ್ಲಿ ಶೇ. 100 ವಿದೇಶಿ ಬಂಡವಾಳಕ್ಕೆ ಅವಕಾಶವಿದೆ. ತಾನೇ ದಾಸ್ತಾನು ಇಟ್ಟು ಮಾರುವಂತಿಲ್ಲ. ಯಲಬುರ್ಗಾದ ಮನೆಯೊಂದರ ಬಾಗಿಲಿಗೆ ಬೈಕಿನಲ್ಲಿ ಪಾರ್ಸೆಲ್ ಬರುವುದು ಈ ದಾರಿಯಿಂದ. ಮಳಿಗೆಯ ದೀಪಗಳಿಲ್ಲ, ಫಲಕವಿಲ್ಲ ಎಂಬ ಕಾರಣಕ್ಕೆ ವಿದೇಶಿ ಅಂಗಡಿ ಬಂದಿಲ್ಲವೆಂದು ತೋರುತ್ತದೆ, ಅಷ್ಟೇ.

ಗಡ್ಡೆಯ ಅನುಭವ

ಗಿರಾಕಿ ಇದ್ದೆಡೆ ಅಂಗಡಿ ತಾನಾಗಿ ಹುಟ್ಟುತ್ತದೆ ಎಂಬುದಕ್ಕೆ ಗಂಗಾವತಿ ತಾಲ್ಲೂಕಿನಲ್ಲಿಯೇ ನಿದರ್ಶನವಿತ್ತು. ಹಂಪಿಯ ಎದುರು ದಂಡೆಯ ವಿರೂಪಾಪುರ ಗಡ್ಡೆಯಲ್ಲಿ ವಿದೇಶಿ ಪ್ರವಾಸಿಗರಿಗಾಗಿ ಇಸ್ರೇಲಿ ಊಟ, ಇಟಲಿಯ ತಿನಿಸು, ಬಾಡಿಗೆ ಮೊಪೆಡ್ ಮೊದಲಾದ ಸೌಲಭ್ಯಗಳು ಬೆಳೆದಿದ್ದವು. ಬೆಂಗಳೂರಿನ ಬಡಾವಣೆಗಳಲ್ಲಿಯೂ ಅಪರೂಪವಾಗಿದ್ದ ತಿನಿಸುಗಳು ನದಿ ನಡುವಿನ ಗದ್ದೆಗಳ ಪಕ್ಕ ಸಿಗುತ್ತಿದ್ದವು. ಪಾರಂಪರಿಕ ಪ್ರದೇಶದ ನಿಯಮ ಮೀರಿದ ಕಟ್ಟಡಗಳೆಂದು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ತೆರವಿನ ಆದೇಶವನ್ನು ಎತ್ತಿಹಿಡಿಯಿತು. ಮಾರ್ಚ್ ಆರಂಭದಲ್ಲಿ ಅವು ನೆಲಸಮಗೊಂಡವು.

ವಾಪಸ್ ಕೊಡುವ ಹಕ್ಕು

ವಿದೇಶ ಕಂಡು ಬಂದವರು ಹೆಚ್ಚು ಹೊಗಳುವ ಆ ಒಂದು ಸೇವೆ, ಅಂದರೆ ಸರಕು ವಾಪಸಾತಿ, ಒಂದು ಮಟ್ಟಿಗೆ ನಮ್ಮ ಕಾನೂನಿನಲ್ಲಿಯೇ ಇದೆ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ ಹಿಂದಕ್ಕೆ ಪಡೆದು ಹಣ ಮರಳಿಸಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ನಮೂದಿಸದಿದ್ದರೆ 30 ದಿನ ಎಂದು ತಿಳಿಯಬೇಕು. ಬಿಲ್ಲು ಕೊಡದಿರುವುದೂ ಅನುಚಿತ ಪದ್ಧತಿಯೇ. 'ಮಾರಿದ ಮಾಲನ್ನು ವಾಪಸ್ ಪಡೆಯಲಾಗುವುದಿಲ್ಲ' ಎಂದು ಗೋಡೆಗೆ ಬರೆಸಿದ ಮಾತ್ರಕ್ಕೆ ದೋಷಯುಕ್ತ ಸರಕಿನ ಹೊಣೆ ತಪ್ಪುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಎಂದು ಹಿಂತಿರುಗಿಸುವ ಹಕ್ಕನ್ನು ಕಾಯ್ದೆ ಕೊಟ್ಟಿಲ್ಲ. ಅಮೆರಿಕದ ಮಳಿಗೆಗಳಲ್ಲಿಯೂ ಅದು ಬಹುಮಟ್ಟಿಗೆ ಅಂಗಡಿಯವರು ಗಿರಾಕಿಯನ್ನು ಉಳಿಸಿಕೊಳ್ಳಲು ಕೊಡುವ ಸವಲತ್ತು. ದೋಷದ ವಿಷಯದಲ್ಲಾದರೆ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಅಂತರ್ಜಾಲದಲ್ಲಿ ಕೊಂಡ ಸರಕಿಗೂ ಇದು ಅನ್ವಯ. ಸರಕಿನ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆದರೆ ಬಿಲ್ಲು ಬೇಕು. 'ಬಿಲ್ಲು ಬೇಡವೆಂದರೆ ನೂರು ರೂಪಾಯಿ ಕಡಿಮೆ' ಎಂಬ ಮಾತಿಗೆ ತಲೆದೂಗುವ ಗಿರಾಕಿ ಈ ಹಕ್ಕನ್ನು ಅಲ್ಲಿಯೇ ಕೌಂಟರಿನ ಮೇಲೆ ಬಿಟ್ಟು ಬರುತ್ತಾನೆ.

ಹಿತ್ತಿಲ ಬಾಗಿಲು

ಅಂಗಡಿಯ ಮುಂಬಾಗಿಲಿನ ಸಂಗತಿ ಇಷ್ಟಾದರೆ, ಈ ಜಿಲ್ಲೆಗೆ ನಿಜಕ್ಕೂ ಬೇಕಾದದ್ದು ಹಿತ್ತಿಲ ಬಾಗಿಲಿನ ಕಡೆ ಇದೆ. 2012ರ ನಿಯಮದಂತೆ ಬಹು ಬ್ರಾಂಡ್ ಕಂಪನಿ ಕನಿಷ್ಠ 10 ಕೋಟಿ ಡಾಲರ್ ಹೂಡಬೇಕು. ಅದರಲ್ಲಿ ಅರ್ಧದಷ್ಟನ್ನು ಮೂರು ವರ್ಷದೊಳಗೆ ಶೀತಲಗೃಹ, ಗೋದಾಮು, ಸಂಸ್ಕರಣೆ, ಸಾಗಾಟದಂಥ ಹಿನ್ನೆಲೆ ವ್ಯವಸ್ಥೆಗೆ ತೊಡಗಿಸಬೇಕು. ಭೂಮಿಯ ಬೆಲೆ, ಬಾಡಿಗೆಗಳನ್ನು ಇದರಲ್ಲಿ ಸೇರಿಸುವಂತಿಲ್ಲ. ರೈತರ ಹೆಸರಿನಲ್ಲಿ ನೀತಿಯನ್ನು ಸಮರ್ಥಿಸಿಕೊಳ್ಳಲು ಅಂದು ಮುಂದೊಡ್ಡಿದ್ದು ಈ ಷರತ್ತನ್ನೇ. ಕಂಪನಿಗಳೇ ಬಾರದಿರುವಾಗ ಶೀತಲಗೃಹ ಬರುವುದೆಲ್ಲಿಂದ? 2016ರಲ್ಲಿ ಭಾರತದಲ್ಲಿ ಬೆಳೆದ, ತಯಾರಾದ ಆಹಾರ ಪದಾರ್ಥಗಳ ಮಾರಾಟಕ್ಕೆ ಶೇ. 100 ವಿದೇಶಿ ಬಂಡವಾಳ ಬಿಟ್ಟದ್ದೂ ಈ ಭಾಗದ ತೋಟಗಳ ಸ್ಥಿತಿ ಬದಲಿಸಿಲ್ಲ.

ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ದಾಳಿಂಬೆ ಬೆಳೆಗಾರರಿಗೆ ಇದರ ಅರ್ಥ ಚೆನ್ನಾಗಿ ಗೊತ್ತು. ಬೋರ್‌ವೆಲ್ ನೀರು, ದುಂಡಾಣು ಅಂಗಮಾರಿ ರೋಗ ಎರಡನ್ನೂ ಗೆದ್ದು ಹಣ್ಣು ಕೈಗೆ ಬಂದಾಗ ತೋಟಕ್ಕೆ ಬಂದ ವ್ಯಾಪಾರಿ ಹೇಳಿದ್ದೇ ದರ. ಇಂದು ಬೇಡವೆಂದರೆ ನಾಳೆ ಹಣ್ಣು ಗಿಡದಲ್ಲಿಯೇ ಸೀಳುತ್ತದೆ. ಅದೇ ದಾಳಿಂಬೆಯನ್ನು 5 ಡಿಗ್ರಿ ಆಸುಪಾಸಿನ ಉಷ್ಣಾಂಶದಲ್ಲಿ ತೇವ ಕಾಪಾಡಿ ಇಟ್ಟರೆ ಎರಡು ತಿಂಗಳವರೆಗೂ ಕೆಡದಂತೆ ಉಳಿಸಬಹುದು. ವಿದೇಶಿ ಮಳಿಗೆಯ ಕಪಾಟಿನಲ್ಲಿ ಹೊಳೆಯುವ ಹಣ್ಣಿನ ಹಿಂದಿರುವ ವಿದ್ಯೆ ಇದೇ.

ಇಲ್ಲಿನ ಸರಕು ಹೊರಗೆ ಹೋಗುವುದಕ್ಕೆ ಜಿಲ್ಲೆ ಹೊಸದೇನಲ್ಲ. ಗಂಗಾವತಿ ಭಾಗದ ಗಿರಣಿಗಳು ಹೆಸರಾದದ್ದೇ ಸೋನಾ ಮಸೂರಿಗೆ. ಕೇಂದ್ರ ಸರ್ಕಾರ 2023ರ ಜುಲೈ 20ರಂದು ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತು ನಿಷೇಧಿಸಿದಾಗ ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಸೋನಾ ಮಸೂರಿ ಚೀಲಗಳಿಗೆ ಜನ ಮುಗಿಬಿದ್ದರು. ಒಬ್ಬರಿಗೆ ಇಷ್ಟೇ ಚೀಲವೆಂದು ಅಂಗಡಿಯವರು ಮಿತಿ ಹಾಕಿದರು. 2024ರ ಸೆಪ್ಟೆಂಬರಿನಲ್ಲಿ ಆ ನಿಷೇಧ ತೆರವಾಯಿತು. ಇಲ್ಲಿನವರು ಅಲ್ಲಿನ ಅಂಗಡಿ ಬಯಸುತ್ತಿರುವಾಗ ಅಲ್ಲಿನ ಕನ್ನಡಿಗರು, ತೆಲುಗರು ಊರ ಅಕ್ಕಿಗಾಗಿ ಸಾಲು ನಿಂತಿದ್ದರು.

ಅಕ್ಕಿ ಗೋದಾಮಿನಲ್ಲಿ ಕಾಯುತ್ತದೆ, ಹಣ್ಣು ಕಾಯುವುದಿಲ್ಲ. ಶೀತಲಗೃಹಕ್ಕೆ ವಿದೇಶಿ ಕಂಪನಿಯೇ ಬರಬೇಕೆಂದಿಲ್ಲ. 2020ರಲ್ಲಿ ಕೇಂದ್ರ ಆರಂಭಿಸಿದ ಕೃಷಿ ಮೂಲಸೌಕರ್ಯ ನಿಧಿ ರೈತ ಉತ್ಪಾದಕ ಸಂಸ್ಥೆಗಳಿಗೂ 2 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಶೇ. 3ರ ಬಡ್ಡಿ ರಿಯಾಯಿತಿ ಗೊತ್ತುಪಡಿಸಿತು. 2025ರ ಮೇ ತಿಂಗಳಿನಲ್ಲಿ ಹುಬ್ಬಳ್ಳಿಯಿಂದ ತಳಕಲ್ ಮಾರ್ಗವಾಗಿ ಕುಷ್ಟಗಿಗೆ ಮೊದಲ ಬಾರಿ ರೈಲು ಬಂದಿದೆ. ನಿಲ್ದಾಣದ ಬದಿಯಲ್ಲಿ ಹಣ್ಣು ತಂಪಾಗಿ ಇರಿಸುವ ಒಂದು ಕೋಣೆ ಇದ್ದರೆ, ತೋಟಕ್ಕೆ ಬಂದ ವ್ಯಾಪಾರಿಗೆ 'ಈ ದರಕ್ಕೆ ಇಲ್ಲ' ಎನ್ನಲು ಬೆಳೆಗಾರನಿಗೆ ಕೆಲವು ವಾರಗಳ ಸಮಯ ಸಿಗುತ್ತದೆ.