ಬಾಂದು ಕಲ್ಲು ನಡೆದಾಡಿತ್ತಾ? ಹೊಳೆ ದಂಡೆಯಲ್ಲಿ ಜಿಪಿಎಸ್ ಕಲಿಸಿದ ಪಾಠ

ಇವತ್ತು ನಿಮ್ಮನ್ನ ಹುಣಸೂರು ತಾಲ್ಲೂಕಿನ ಹನಗೋಡು ಕಡೆ, ಲಕ್ಷ್ಮಣತೀರ್ಥ ನದಿ ದಂಡೆಗೆ ಕರ್ಕೊಂಡು ಹೋಗ್ತೀನಿ. ಕಾಲೇಜಿನಲ್ಲಿದ್ದಾಗ ಭೂಸ್ವರೂಪ ಅಧ್ಯಯನಕ್ಕೆ, ಅಂದ್ರೆ ನದಿ, ಗುಡ್ಡ, ಕಣಿವೆಗಳು ಹೇಗೆ ಬದಲಾಗ್ತವೆ ಅಂತ ನೋಡೋಕೆ, ಅಲ್ಲಿಗೆ ಹೋಗಿದ್ದೆ. ಕೈಯಲ್ಲಿದ್ದ ಪುಟ್ಟ ಜಿಪಿಎಸ್ ನೋಡಿ ಗದ್ದೆ ಯಜಮಾನರು ಕೇಳಿದ್ರು: "ಹೊಳೆ ನನ್ನ ಗದ್ದೆ ಎಷ್ಟು ತಿಂದದೆ ಅಂತ ನಿನ್ನ ಮಿಷನ್ ಹೇಳ್ತದಾ ಮಗ?"

ಹಿಂದಿನ ವರ್ಷದ ನೋಟ್‌ಬುಕ್ ತೆಗೆದು ಹೋಲಿಸಿದೆ. "ನಾಲ್ಕು ಮೀಟರ್ ಹೋಗಿದೆ" ಅಂದುಬಿಟ್ಟೆ. ಅವರ ಮುಖ ಸಪ್ಪಗಾಯ್ತು.

ಸಂಜೆ ಇನ್ನೊಂದು ಪಾಯಿಂಟ್ ನೋಡಿದೆ. ಗದ್ದೆ ಮೂಲೆಯ ಬಾಂದು ಕಲ್ಲು ಕೂಡ ಅದೇ ದಿಕ್ಕಿಗೆ ನಾಲ್ಕು ಮೀಟರ್ ಸರಿದಿತ್ತು! ಕಲ್ಲು ನಡೆಯುತ್ತಾ? ಸರಿದಿದ್ದು ಓದು, ದಂಡೆಯಲ್ಲ.

ಯಾಕೆ ಹೀಗೆ? ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳಿಂದ ಸಿಗ್ನಲ್ ಬರಲು ಹಿಡಿಯುವ ಸಮಯದಿಂದ ಜಿಪಿಎಸ್ ದೂರ ಲೆಕ್ಕ ಹಾಕುತ್ತೆ. ಕನಿಷ್ಠ ನಾಲ್ಕು ಉಪಗ್ರಹ ಬೇಕು. ಬಯಲಲ್ಲೂ 3ರಿಂದ 5 ಮೀಟರ್ ವ್ಯತ್ಯಾಸ ಸಾಮಾನ್ಯ. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಮರಗಳು ಸಿಗ್ನಲ್ ತಡೆಯೋದ್ರಿಂದ ಇನ್ನೂ ಹೆಚ್ಚು. ಎತ್ತರವಂತೂ ನಂಬೋ ಹಾಗಿಲ್ಲ: ಉಪಗ್ರಹಗಳೆಲ್ಲ ನಮ್ಮ ಮೇಲೆಯೇ ಇರ್ತವೆ, ಕೆಳಗೆ ಒಂದೂ ಇಲ್ಲ. ಕೆ.ಆರ್. ನಗರದ ಹತ್ತಿರದ ಚುಂಚನಕಟ್ಟೆ ಜಲಪಾತದ ಎತ್ತರವನ್ನ ಇದರಲ್ಲಿ ಅಳೆಯೋಕೆ ಹೋಗ್ಬೇಡಿ.

ಇನ್ನೆರಡು ಎಚ್ಚರಿಕೆ. ಹುಣಸೂರಿನ ಅಕ್ಷಾಂಶ ಸುಮಾರು 12.30 ಡಿಗ್ರಿ. ಅದನ್ನ 12 ಡಿಗ್ರಿ 30 ನಿಮಿಷ ಅಂತ ಬರೆದುಕೊಂಡ್ರೆ ನಿಮ್ಮ ಪಾಯಿಂಟ್ ಸುಮಾರು 22 ಕಿ.ಮೀ. ಉತ್ತರಕ್ಕೆ ಹಾರುತ್ತೆ. ಪಿರಿಯಾಪಟ್ಟಣದ ಹಳೇ ಸರ್ವೇ ಆಫ್ ಇಂಡಿಯಾ ನಕ್ಷೆ ಹಿಡಿದು ಹೊರಟ್ರೆ, ಅದು ಎವರೆಸ್ಟ್ ಮಾನದಂಡದ್ದು. ಜಿಪಿಎಸ್ ಸಾಮಾನ್ಯವಾಗಿ ತೋರಿಸೋದು ಡಬ್ಲ್ಯೂಜಿಎಸ್ 84. ಸೆಟ್ಟಿಂಗ್ ಹೊಂದಿಸದಿದ್ರೆ ನೂರು ಮೀಟರ್‌ಗೂ ಹೆಚ್ಚು ತಪ್ಪುತ್ತೆ.

ಫೋನ್ ಸಾಲಲ್ವಾ ಅಂತೀರಾ? ನೆಟ್‌ವರ್ಕ್ ಇಲ್ಲದಿದ್ರೂ ಫೋನಿನ ಜಿಪಿಎಸ್ ಕೆಲಸ ಮಾಡುತ್ತೆ. ನಕ್ಷೆ ಮಾತ್ರ ಮೊದಲೇ ಡೌನ್‌ಲೋಡ್ ಆಗಿರಬೇಕು. ಆದ್ರೆ ದಿನವಿಡೀ ಬಿಸಿಲಲ್ಲಿ ಓಡಾಡೋವಾಗ, ಸೆಲ್ ಬದಲಿಸಬಹುದಾದ ಕೈ ಜಿಪಿಎಸ್ ವಾಸಿ.

ಮಾರನೇ ದಿನ ವಾಪಸ್ ಹೋಗಿ, "ತಪ್ಪು ಹೇಳ್ಬಿಟ್ಟೆ ಯಜಮಾನ್ರೇ" ಅಂದೆ. ಇಬ್ಬರೂ ಸೇರಿ ಕಲ್ಲಿನಿಂದ ದಂಡೆವರೆಗೆ ಟೇಪ್ ಹಿಡಿದ್ವಿ: 11 ಮೀಟರ್ 40 ಸೆಂ.ಮೀ. ಅವರೂ ಬರೆದಿಟ್ಟುಕೊಂಡ್ರು. ಮುಂದಿನ ಮಳೆಗಾಲ ಕಳೆದ ಮೇಲೆ ಅದೇ ಜಾಗದಲ್ಲಿ ಅಳೆದಾಗ 10 ಮೀಟರ್ 10. ಒಂದು ಮೀಟರ್ 30 ಸೆಂ.ಮೀ. ನಿಜವಾಗ್ಲೂ ಹೊಳೆ ಪಾಲಾಗಿತ್ತು.

ಆ ಕಲ್ಲಿನ ಹತ್ತಿರಕ್ಕೆ ನನ್ನನ್ನ ಮತ್ತೆ ಕರ್ಕೊಂಡು ಹೋಗಿದ್ದು ಜಿಪಿಎಸ್. ಗದ್ದೆ ಎಷ್ಟು ಹೋಯ್ತು ಅಂತ ಹೇಳಿದ್ದು ಟೇಪು. ಎರಡನ್ನೂ ಬ್ಯಾಗಲ್ಲಿಟ್ಕೊಳ್ಳಿ. ಮತ್ತೆ ಸಿಗೋಣ.